ಹೀರುವುದೋ, ಹಿಡಿಯುವುದೋ, ಕಚ್ಚುವುದೋ?

ನಮಸ್ಕಾರ. ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ, ಬಲ್ಲವರು ಬಿಡಿಸಬೇಕು.

ಗೋಬರ್ ಗ್ಯಾಸ್‌ನಲ್ಲಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಅದು ಹೈಡ್ರೋಜನ್ ಸಲ್ಫೈಡ್. ಅದನ್ನು ತೆಗೆಯಲು ಪೈಪಿನ ನಡುವೆ ಒಂದು ಡಬ್ಬಿ ಕೂರಿಸಿ, ಒಳಗೆ ತುಕ್ಕು ಹಿಡಿದ ಕಬ್ಬಿಣದ ಚೂರು ತುಂಬುತ್ತಾರೆ. ಇದರ ಕೈಪಿಡಿಯನ್ನು ಕನ್ನಡಕ್ಕೆ ತಂದವನು ನಾನೇ. ‘ಅಡ್ಸಾರ್ಪ್ಶನ್’ (ಒಂದು ವಸ್ತು ಇನ್ನೊಂದರ ಮೈಮೇಲೆ ಅಂಟಿ ನಿಲ್ಲುವುದು) ಅಂತ ಇದ್ದ ಕಡೆಯೆಲ್ಲ ‘ಹೀರಿಕೆ’ ಅಂತ ಬರೆದು ಕೈ ತೊಳೆದುಕೊಂಡೆ.

ಕೆಲವು ತಿಂಗಳಾದ ಮೇಲೆ ರೈತರೊಬ್ಬರು ಫೋನ್ ಮಾಡಿದರು. “ಚೂರು ಕಪ್ಪಾಗಿತ್ತು ಸಾರ್. ಮೂರು ನೀರಲ್ಲಿ ಜಾಲಿಸಿ ಹಾಕ್ದೆ. ವಾಸನೆ ಹಂಗೇ ಇದೆಯಲ್ಲ?” ಅವರದೇನೂ ತಪ್ಪಿಲ್ಲ. ಹೀರಿದ್ದು ತೊಳೆದರೆ ಬಿಡಬೇಕು, ಅಲ್ವಾ? ನೆಲ ಒರೆಸುವ ಬಟ್ಟೆ ಮಾಡುವುದು ಅದನ್ನೇ.

ಆ ಡಬ್ಬಿಯಲ್ಲಿ ನಡೆಯುವುದೇ ಬೇರೆ. ಅನಿಲ ತುಕ್ಕಿನ ಮೈಮೇಲೆ ಕೂರುತ್ತದೆ. ಕೂತಲ್ಲೇ ತುಕ್ಕಿನ ಜೊತೆ ಸೇರಿ ಕಬ್ಬಿಣದ ಸಲ್ಫೈಡ್ ಆಗುತ್ತದೆ. ಚೂರು ಕಪ್ಪಾಗುವುದು ಅದಕ್ಕೇ. ಅದು ಮತ್ತೆ ಕೆಲಸಕ್ಕೆ ಬರಬೇಕಾದರೆ ಬರೀ ತೊಳೆದರೆ ಸಾಲದು, ಗಾಳಿ ಬೇಕು. ಹೊರಗೆ ತೆಳ್ಳಗೆ ಹರಡಿದರೆ ಆಕ್ಸಿಜನ್ ಸೇರಿ ಮತ್ತೆ ತುಕ್ಕಾಗುತ್ತದೆ, ಗಂಧಕ ಅಲ್ಲೇ ಉಳಿಯುತ್ತದೆ. ಆಗ ಬಿಸಿ ಏಳುತ್ತದೆ. ಒಣಗಿದ್ದನ್ನು ರಾಶಿ ಹಾಕಿಟ್ಟರೆ ಬೆಂಕಿಯೂ ಹತ್ತಬಹುದು. ಹಾಗಾಗಿ ಇದು ಸುಮ್ನೆ ಪದದ ಜಗಳವಲ್ಲ.

ಇಂಗ್ಲಿಷಿನಲ್ಲೂ ಬುಡದಲ್ಲಿರುವುದು ‘ಹೀರು’ವೇ. ಒಳಕ್ಕೆ ಹೀರುವುದು ‘ಅಬ್ಸಾರ್ಪ್ಶನ್’. ಲ್ಯಾಟಿನ್ನಿನ ಆ ಧಾತುವಿಗೆ ಮುಂದೆ ‘ಅಬ್’ ಬದಲು ‘ಅಡ್’ ಸೇರಿಸಿದ ಪದವನ್ನು 1881ರಲ್ಲಿ ಜರ್ಮನಿಯ ಭೌತವಿಜ್ಞಾನಿ ಹೈನ್ರಿಕ್ ಕೈಸರ್ ಬಳಕೆಗೆ ತಂದರು. ಅದಕ್ಕೆ ನಮ್ಮಲ್ಲಿರುವ ‘ಅಧಿಶೋಷಣೆ’ಯೂ ಅದೇ ದಾರಿಯದು. ಆದರೆ ರೈತರ ಮುಂದೆ ‘ಶೋಷಣೆ’ ಅಂದರೆ ಅವರಿಗೆ ದಲ್ಲಾಳಿ ನೆನಪಾಗುತ್ತಾನೆ! ‘ಮೇಲ್ಮೈ ಹೀರಿಕೆ’ ಕೊಂಚ ವಾಸಿ, ಆದರೂ ಹೀರಿಕೆ ಬಿಡಲಿಲ್ಲ.

ಹಿಡಿದದ್ದನ್ನು ಅಲ್ಲೇ ಬೇರೆ ವಸ್ತುವಾಗಿಸುವ ಈ ಬಗೆಗೆ ‘ರಿಯಾಕ್ಟಿವ್ ಅಡ್ಸಾರ್ಪ್ಶನ್’ ಅನ್ನುತ್ತಾರೆ. ‘ಸಕ್ರಿಯ’ ಅನ್ನೋಣವೆಂದರೆ ‘ಸಕ್ರಿಯ ಇಂಗಾಲ’ ಆಗಲೇ ಆ ಜಾಗ ಹಿಡಿದಿದೆ. ನೀರಿನ ಫಿಲ್ಟರಿನ ಆ ಇದ್ದಿಲು ಮುಖ್ಯವಾಗಿ ಮಾಡುವುದು ಹಿಡಿದಿಟ್ಟುಕೊಳ್ಳುವ ಕೆಲಸ. ಒಂದು ಗ್ರಾಮಿಗೆ 500 ಚದರ ಮೀಟರಿಗೂ ಜಾಸ್ತಿ ಮೈ ಇರುತ್ತದೆ, ಜಾಗಕ್ಕೇನು ಕೊರತೆ. ‘ಪ್ರತಿಕ್ರಿಯಾತ್ಮಕ ಅಧಿಶೋಷಣೆ’ ಬರೆದು ನೋಡಿದೆ. ಓದಿದ ನನಗೇ ಬಾಯಾರಿತು.

ಮನೆಯ ಮಾತಿನಲ್ಲಿ ಹುಡುಕಿದರೆ ಮೂರು ಕ್ರಿಯಾಪದ ಸಿಗುತ್ತವೆ. ಕಬ್ಬಿಣಕ್ಕೆ ತುಕ್ಕು ‘ಹಿಡಿಯುತ್ತದೆ’. ಪಾತ್ರೆಯ ತಳಕ್ಕೆ ಮಸಿ ‘ಹತ್ತುತ್ತದೆ’. ನೂಲಿಗೆ ಬಣ್ಣ ‘ಕಚ್ಚುತ್ತದೆ’. ಮಸಿ ಉಜ್ಜಿದರೆ ಹೋಗುತ್ತದೆ, ಚೆನ್ನಾಗಿ ಕಚ್ಚಿದ ಬಣ್ಣ ಹೋಗುವುದಿಲ್ಲ. ನನಗೆ ಬೇಕಾದ ವ್ಯತ್ಯಾಸ ಇದೇ. ಬಣ್ಣ ನಿಲ್ಲಲು ನೂಲಿಗೆ ಹಾಕುವ ಪಟಿಕದಂಥದ್ದಕ್ಕೆ ‘ಮಾರ್ಡೆಂಟ್’ ಅನ್ನುತ್ತಾರೆ. ಫ್ರೆಂಚಿನಲ್ಲಿ ಅದರ ಅರ್ಥವೂ ಕಚ್ಚುವಂಥದ್ದು ಅಂತಲೇ. ಅಮ್ಮನ ಬೆಳ್ಳಿ ಕುಂಕುಮ ಭರಣಿ ಕಪ್ಪಾಗುವುದೂ ಗಾಳಿಯಲ್ಲಿನ ಇದೇ ಅನಿಲದಿಂದ. ಎಷ್ಟು ನೀರು ಹಾಕಿದರೂ ಬಿಡುವುದಿಲ್ಲ.

ಹಾಗಾಗಿ ಬರೀ ಮೈಮೇಲೆ ನಿಲ್ಲಿಸಿಕೊಳ್ಳುವುದಕ್ಕೆ ‘ಮೇಲ್ಹಿಡಿತ’, ಹಿಡಿದು ಬದಲಾಯಿಸುವುದಕ್ಕೆ ‘ಕಚ್ಚಿಕೆ’ ಅಂದರೆ ಹೇಗೆ?

ಒಂದು ತೊಡಕಿದೆ. ಸೀರಿಯಂ ಅನ್ನುವ ಲೋಹದ ಆಕ್ಸೈಡಿನ ಪುಡಿ ಪ್ಯಾರಾಥಿಯಾನಿನಂಥ ಕೀಟನಾಶಕವನ್ನು ಹಿಡಿದು ತುಂಡು ಮಾಡುತ್ತದೆ. ಆಗ ಹುಟ್ಟುವ ನೈಟ್ರೋಫಿನಾಲ್ ಅನ್ನುವ ತುಂಡು ಪುಡಿಯಲ್ಲೇ ನಿಲ್ಲದೆ ನೀರಿಗೂ ಇಳಿಯುತ್ತದೆ. ಅಲ್ಲಿ ‘ಕಚ್ಚಿತು’ ಸಾಲದು, ‘ಕಚ್ಚಿ ಮುರಿಯಿತು’ ಅನ್ನಬೇಕೇನೋ.

ಇಳಕಲ್ ಕಡೆ ನೂಲಿಗೆ ಬಣ್ಣ ಹಾಕುವವರು, ಬೆಳ್ಳಿ ಕೆಲಸದವರು ಇದಕ್ಕೆ ಏನನ್ನುತ್ತಾರೆ, ಕೇಳಿದವರಿದ್ದರೆ ತಿಳಿಸಿ. ಕೈಪಿಡಿಯ ಉಳಿದ ಪ್ರತಿಗಳಲ್ಲಿ ಸದ್ಯಕ್ಕೆ ‘ಹೀರುತ್ತದೆ’ ಹೊಡೆದುಹಾಕಿ ಪೆನ್ನಿನಲ್ಲಿ ‘ಕಚ್ಚುತ್ತದೆ, ತೊಳೆದರೆ ಬಿಡದು’ ಅಂತ ಬರೆದು ಕೊಡುತ್ತಿದ್ದೇನೆ.