ಪಿಂಗ್‌ಗೆ ಉತ್ತರ ಬರ್ತದ, ಸರ್ವರ್ ಮಾತ್ರ ಸಿಗವಲ್ದು

ಪ್ರಶ್ನೆ – ಹತ್ತಿ ಮಿಲ್ಲಿನ ಗುಮಾಸ್ತ, ರಾಯಚೂರು

ಅಣ್ಣಾರಿಗೆ ನಮಸ್ಕಾರ. ಇಲ್ಲೇ ಗಂಜ್ ಕಡೆ ಒಂದು ಜಿನ್ನಿಂಗ್ ಮಿಲ್ಲಿನ ಆಫೀಸಿನ್ಯಾಗ ಲೆಕ್ಕ ಬರೀತೀನಿ. ಕಂಪ್ಯೂಟರ್ ರಿಪೇರಿ ನನ್ನ ಕೆಲಸ ಅಲ್ಲ, ಆದ್ರ ಪ್ರಿಂಟರಿನ್ಯಾಗ ಹಾಳಿ ಸಿಕ್ಕಿಬಿದ್ರೂ ಸಾವ್ಕಾರ್ರು ನನ್ನನ್ನೇ ಕೂಗ್ತಾರ.

ಆರು ಕಂಪ್ಯೂಟರ್ ಅವ, ಮೂಲ್ಯಾಗ ಒಂದು ಸರ್ವರ್ ಡಬ್ಬಿ ಅದ. ಟ್ಯಾಲಿ ಮತ್ತ ತೂಕದ ಚೀಟಿ ಸಾಫ್ಟ್‌ವೇರ್ ಎರಡೂ ಅದರೊಳಗ ‘ವರ್ಚುವಲ್ ಸರ್ವರ್’ ಮ್ಯಾಲೆ ನಡೀತಾವ ಅಂತ ಹಾಕಿಕೊಟ್ಟವರು ಹೇಳಿದ್ರು. ಅವರು ಈಗ ಊರು ಬಿಟ್ಟಾರ, ಫೋನ್ ಎತ್ತಂಗಿಲ್ಲ. ನಿನ್ನೆ ರಾತ್ರಿ ಎರಡು ತಾಸು ಕರೆಂಟ್ ಇರಲಿಲ್ಲ. ಯುಪಿಎಸ್ ಕಾಲು ತಾಸು ಕೂಗಿ ಸುಮ್ಮನಾಯ್ತಂತ, ವಾಚ್‌ಮನ್ ಹೇಳಿದ. ಶಕ್ತಿನಗರದಾಗ 1720 ಮೆಗಾವ್ಯಾಟ್ ಕರೆಂಟ್ ತಯಾರ್ ಮಾಡೋ ಸ್ಥಾವರ ಇಟ್ಕೊಂಡು ನಮಗ ಈ ಹಣೆಬರಹ. ದೀಪದ ಬುಡದಾಗ ಕತ್ತಲಿ.

ಮುಂಜಾನೆ ಬಂದು ನೋಡಿದ್ರ ಟ್ಯಾಲಿ ಡೇಟಾ ಸಿಗವಲ್ದು ಅಂತದ. ರಿಮೋಟ್ ಡೆಸ್ಕ್‌ಟಾಪೂ ತೆಗೀವಲ್ದು. ಡಬ್ಬಿಯ ಹಸಿರು ಲೈಟ್ ಹತ್ಯಾದ, ಫ್ಯಾನ್ ತಿರಗ್ತದ. ಎರಡು ಸಲ ರೀಸ್ಟಾರ್ಟ್ ಮಾಡೀನಿ. ಕಾಲೇಜಿಗೆ ಹೋಗೋ ನಮ್ಮ ಹುಡುಗನ ಕೇಳಿದ್ರ ಪಿಂಗ್ ಮಾಡಿ ನೋಡು, ಅಂದ್ರ ನೆಟ್‌ವರ್ಕ್‌ನ್ಯಾಗ ಸರ್ವರಿನ ಅಡ್ರೆಸ್‌ ಕೂಗಿ ಉತ್ತರ ಬರ್ತದೇನು ನೋಡು ಅಂದ. ಮಾಡಿದೆ. ಹಿಂಗ ಬಂತು: 192.168.1.10ರಿಂದ ಉತ್ತರ, ಬೈಟ್ಸ್ 32, ಟೈಮ್ 1 ಎಂಎಸ್‌ಗಿಂತ ಕಡಿಮಿ, ಟಿಟಿಎಲ್ 64. ನಾಲ್ಕಕ್ಕ ನಾಲ್ಕೂ ಬಂದ್ವು. ಉತ್ತರ ಕೊಡ್ತದ ಅಂದ್ರ ಸರ್ವರ್ ಬದುಕೇ ಅದ ಅಲ್ಲೇನ್ರಿ? ಮತ್ತ ಯಾಕ ಸಿಗವಲ್ದು?

ಹೊರಗ ಕೊಯಮತ್ತೂರಿಗೆ ಹೋಗೋ ಲಾರಿ ನಿಂತದ, 100 ಬೇಲ್ ತುಂಬ್ಯಾದ. ಡ್ರೈವರ್ ಮೂರನೇ ಚಾ ಕುಡಿಯಾಕತ್ಯಾನ. ಇವತ್ತು ಹತ್ತನೇ ತಾರೀಖು, ನಾಳಿ ಜಿಎಸ್‌ಟಿಆರ್-1, ಅಂದ್ರ ಮಾರಾಟದ ಜಿಎಸ್‌ಟಿ ಲೆಕ್ಕ, ಹಾಕಬೇಕು.

ಉತ್ತರ – ಆಫೀಸ್ ನೆಟ್‌ವರ್ಕ್ ಕೆಲಸ ಮಾಡುವವನು

ಮೊದಲು ಲಾರಿ ಬಿಡ್ರಿ, ಸರ್ವರ್ ಆಮೇಲೆ. ಒಂದು ಬೇಲ್‌ಗೆ 170 ಕೆಜಿ ಅಂದರೂ ಅಲ್ಲಿ 17 ಟನ್ ಮಾಲು ಬಿಸಿಲಲ್ಲಿ ನಿಂತಿದೆ. 50,000 ರೂಪಾಯಿ ಮೀರಿದ ಮಾಲಿಗೆ ಇ-ವೇ ಬಿಲ್ (ಮಾಲು ಸಾಗಿಸುವ ಜಿಎಸ್‌ಟಿ ಚೀಟಿ) ಬೇಕೇ ಬೇಕು, ಆದರೆ ಅದಕ್ಕೆ ಟ್ಯಾಲಿಯೇ ಬೇಕು ಅಂತೇನಿಲ್ಲ. ಯಾವುದೇ ಬ್ರೌಸರ್‌ನಲ್ಲಿ ಇ-ವೇ ಬಿಲ್ ಪೋರ್ಟಲ್ ತೆಗೆದು ಕೈಯಲ್ಲೇ ತುಂಬಬಹುದು. ನಿಮ್ಮ ವಹಿವಾಟು 5 ಕೋಟಿ ಮೀರಿದ್ದರೆ ಇ-ಇನ್‌ವಾಯ್ಸ್, ಅಂದರೆ ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಾದ ಬಿಲ್, ಮೊದಲಾಗಬೇಕು. ಆ ಒಂದು ಬಿಲ್ಲನ್ನ ನಿಮ್ಮ ಆಡಿಟರ್ ಆಫೀಸಿನಲ್ಲಿ ಮಾಡಿಸಿಕೊಳ್ಳಿ. ಹಳೇ ಪ್ರಿಂಟ್ ನೋಡಿ ಕೊನೇ ಬಿಲ್ ನಂಬರ್ ಯಾವುದಿತ್ತು ಅಂತ ಒಂದು ಹಾಳೆ ಮೇಲೆ ಬರೆದಿಡಿ, ಇಲ್ಲದಿದ್ದರೆ ಸಂಜೆ ಟ್ಯಾಲಿ ಬಂದಾಗ ಅದೇ ನಂಬರ್ ಎರಡು ಸಲ ಕೂರುತ್ತದೆ.

ಇನ್ನು ಸರ್ವರ್. ಮತ್ತೆ ರೀಸ್ಟಾರ್ಟ್ ಮಾಡಬೇಡಿ. ಡಿಸ್ಕಿಗೆ ರಾತ್ರಿ ಒಂದು ಪೆಟ್ಟು ಬಿದ್ದಿದೆ, ನೀವು ಇನ್ನೆರಡು ಕೊಟ್ಟಿದ್ದೀರಿ, ಸಾಕು.

ನಿಮ್ಮ ಮೂಲೆಯ ಡಬ್ಬಿ ಒಂದು ವಾಡೆ ಇದ್ದಂಗೆ. ಟ್ಯಾಲಿ ಇರುವ ವರ್ಚುವಲ್ ಸರ್ವರ್ ಆ ವಾಡೆಯೊಳಗಿನ ಬಾಡಿಗೆದಾರ. ಹಸಿರು ಲೈಟ್ ನೋಡಿದರೆ ವಾಡೆ ನಿಂತಿದೆ ಅನ್ನೋದಷ್ಟೇ ಗೊತ್ತಾಗುತ್ತದೆ. ಬಾಡಿಗೆದಾರ ಎದ್ದಿದ್ದಾನೋ, ಮಲಗಿದ್ದಾನೋ, ಎದ್ದರೂ ಬಾಗಿಲು ಹಾಕಿಕೊಂಡಿದ್ದಾನೋ, ಬೇರೆ ಬೇರೆ ನೋಡಬೇಕು. ‘ಆಫ್‌ಲೈನ್’ ಅನ್ನೋದು ಜ್ವರ ಅಂದಂಗೆ, ಯಾವುದರಿಂದ ಬಂತು ಅನ್ನೋದು ಆಮೇಲೆ.

ನನಗೆ ಅನುಮಾನ ಬಂದಿರೋದು ನೀವು ಬರೆದ ಟಿಟಿಎಲ್ 64 ನೋಡಿ. ಟಿಟಿಎಲ್ ಅಂದರೆ ಉತ್ತರದ ಜೊತೆ ಬರುವ ಒಂದು ಎಣಿಕೆ, ದಾರಿಯಲ್ಲಿ ಒಂದೊಂದು ರೂಟರ್ ದಾಟಿದಾಗಲೂ ಒಂದೊಂದು ಇಳಿಯುತ್ತದೆ. ಟ್ಯಾಲಿ ನಡೆಯೋದು ವಿಂಡೋಸ್ ಮೇಲೆ, ವಿಂಡೋಸ್ ಉತ್ತರ ಕೊಡುವಾಗ ಸಾಮಾನ್ಯವಾಗಿ ಅಲ್ಲಿ 128 ಇರುತ್ತದೆ. 64 ಅಂದರೆ ಬಹುತೇಕ ಲಿನಕ್ಸ್ ಮೇಲೆ ನಡೆಯುವ ಸಾಮಾನು: ರೂಟರ್, ಕ್ಯಾಮರಾ ಡಬ್ಬಿ, ಹಾಜರಿ ಮಷೀನು, ಅಂಥವು. ಒಂದೇ ಆಫೀಸಿನೊಳಗೆ ನಡುವೆ ಇನ್ನೊಂದು ರೂಟರ್ ಇರೋದಿಲ್ಲ, ಹಾಗಾಗಿ ದಾರಿಯಲ್ಲಿ ಸವೆದು 128 ಹೋಗಿ 64 ಆಗುವುದಕ್ಕೂ ಸಾಧ್ಯವಿಲ್ಲ. ನೀವು ಕರೆದಿದ್ದು ಒಬ್ಬರನ್ನ, ಓ ಅಂದಿದ್ದು ಇನ್ಯಾರೋ.

ಎರಡು ವಿಷಯ ಬೇಕು. ಪಿಂಗ್ ಮಾಡಿದ ಅದೇ ಕಪ್ಪು ಕಿಟಕಿಯಲ್ಲಿ ‘ಎಆರ್‌ಪಿ -ಎ’ ಅಂತ ಕೊಟ್ಟು, 192.168.1.10ರ ಎದುರು ಇರುವ ನಂಬರ್ ನೋಡಿ. ಅದು ಮ್ಯಾಕ್ ನಂಬರ್, ಆ ಸಾಮಾನಿನ ನೆಟ್‌ವರ್ಕ್ ಗುರುತು. ಅದರ ಮೊದಲ ಮೂರು ಜೋಡಿ ಸಾಕು. ಆಮೇಲೆ ಸರ್ವರ್ ಡಬ್ಬಿಗೆ ಮಾನಿಟರ್ ಹಚ್ಚಿ ಹೈಪರ್-ವಿ ಮ್ಯಾನೇಜರ್ (ವರ್ಚುವಲ್ ಸರ್ವರ್‌ಗಳನ್ನ ನಡೆಸುವ ವಿಂಡೋಸ್ ಸಾಫ್ಟ್‌ವೇರ್) ತೆಗೆಯಿರಿ. ವರ್ಚುವಲ್ ಸರ್ವರಿನ ಹೆಸರಿನ ಮುಂದೆ ‘ರನ್ನಿಂಗ್’, ‘ಆಫ್’, ‘ಸೇವ್ಡ್’, ಇಲ್ಲಾ ‘ಪಾಜ್ಡ್’, ಯಾವುದಿದೆ ಅಂತ ಬರೆಯಿರಿ.

ಗಂಗಾವತಿಯ ರೈಸ್ ಮಿಲ್ಲಿನವರು

ನಮ್ಮಲ್ಲೂ ಹಿಂಗ ಆಗಿತ್ರಿ. ನಮ್ದು ‘ಪಾಜ್ಡ್-ಕ್ರಿಟಿಕಲ್’ ಅಂತ ತೋರಿಸ್ತಿತ್ತು. ಡಿಸ್ಕ್ ತುಂಬೇತಿ ಅಂತ ಒಬ್ಬ ಹುಡುಗ ಬಂದು ದೊಡ್ಡ ದೊಡ್ಡ ಫೈಲ್ ಡಿಲೀಟ್ ಮಾಡಿ ಹೋದ. ಆಮ್ಯಾಲೆ ಮೂರು ತಿಂಗಳ ಲೆಕ್ಕ ಹೋತು. ಇವರೂ ಹಂಗೇ ಡಿಸ್ಕ್ ಖಾಲಿ ಮಾಡ್ಬೇಕೇನ್ರಿ?

ಉತ್ತರ

ಬೇಡವೇ ಬೇಡ. ನಿಮ್ಮದು ಬೇರೆ ರೋಗ. ಆ ಹುಡುಗ ಅಳಿಸಿದ್ದು ‘ಎವಿಎಚ್‌ಡಿಎಕ್ಸ್’ ಅಂತ ಕೊನೆಯಾಗುವ ಫೈಲ್ ಇರಬೇಕು. ಯಾರಾದರೂ ಚೆಕ್‌ಪಾಯಿಂಟ್ (ಬೇಕಾದಾಗ ವಾಪಸ್ ಹೋಗಲು ಸರ್ವರಿನ ಆ ಹೊತ್ತಿನ ಸ್ಥಿತಿಯ ಗುರುತು) ತೆಗೆದಿಟ್ಟರೆ, ಅವತ್ತಿನಿಂದ ಬರೆದ ಲೆಕ್ಕವೆಲ್ಲ ಮೂಲ ಡಿಸ್ಕಿಗೆ ಹೋಗದೆ ಆ ಫೈಲಿಗೇ ಹೋಗುತ್ತದೆ. ಮರೆತು ಬಿಟ್ಟರೆ ತಿಂಗಳುಗಟ್ಟಲೆ ಬೆಳೆದು ಜಾಗ ತಿಂದು ಸರ್ವರನ್ನೇ ನಿಲ್ಲಿಸುತ್ತದೆ. ಅದನ್ನ ಫೋಲ್ಡರಿಗೆ ಹೋಗಿ ಕೈಯಿಂದ ಅಳಿಸಿದರೆ ಮೂರು ತಿಂಗಳ ಕೀರ್ದಿ ಹರಿದು ಒಲೆಗೆ ಹಾಕಿದಂಗೆ. ಜಾಗ ಮಾಡಿಕೊಂಡು ಹೈಪರ್-ವಿ ಮ್ಯಾನೇಜರ್‌ ಒಳಗಿಂದಲೇ ಚೆಕ್‌ಪಾಯಿಂಟ್ ಡಿಲೀಟ್ ಮಾಡಬೇಕು, ಆಗ ಅದು ಮೂಲ ಡಿಸ್ಕಿನೊಳಗೆ ಸೇರಿಕೊಳ್ಳುತ್ತದೆ. ಹಳೇ ಬ್ಯಾಕಪ್ ಇದ್ದರೆ ಬೇರೆ ಪ್ರಶ್ನೆ ಹಾಕಿ, ಮಾತಾಡೋಣ. ಇಲ್ಲಿ ಮಿಲ್ಲಿನವರ ಲಾರಿ ನಿಂತಿದೆ.

ಹತ್ತಿ ಮಿಲ್ಲಿನ ಗುಮಾಸ್ತ

ಲಾರಿ ಹೋತ್ರಿ. ಆಡಿಟರ್ ಆಫೀಸಿನವರು ಬಿಲ್ ಮಾಡಿಕೊಟ್ರು, ನಿಮ್ಮ ಹೊಟ್ಟಿ ತಣ್ಣಗಿರಲಿ.

ಹೈಪರ್-ವಿಯೊಳಗ ‘ರನ್ನಿಂಗ್’ ಅಂತದ. ಎಆರ್‌ಪಿಯಾಗ .10ರ ಮುಂದ 3ಸಿ ಅಂತ ಶುರು ಆಗೋ ನಂಬರ್ ಅದ.

ಉತ್ತರ

ಹಾಗಾದರೆ ಸಿಕ್ಕಿತು. ಹೈಪರ್-ವಿ ತನ್ನ ವರ್ಚುವಲ್ ಸರ್ವರಿಗೆ ತಾನಾಗಿ ಕೊಡುವ ಮ್ಯಾಕ್ ನಂಬರ್ 00-15-5ಡಿ ಅಂತಲೇ ಶುರುವಾಗುತ್ತದೆ. (ಹೈಪರ್-ವಿ ಬದಲು ವಿಎಂವೇರ್ ಇದ್ದವರು 00-50-56 ಅಥವಾ 00-0ಸಿ-29 ಹುಡುಕಿ.) ನಿಮ್ಮದು 3ಸಿ. ನಿಮ್ಮ ಸರ್ವರಿನ ಅಡ್ರೆಸ್ ಮೇಲೆ ಬೇರೆ ಯಾರೋ ಕೂತಿದ್ದಾರೆ, ಸೀಟಿಗೆ ಟವೆಲ್ ಹಾಕಿದಂಗೆ.

ಯಾರು ಅಂತ ಹಿಡಿಯೋದು ಸುಲಭ. ಪಿಂಗ್ 192.168.1.10 ಆದಮೇಲೆ ಒಂದು ಸ್ಪೇಸ್ ಬಿಟ್ಟು -ಟಿ ಕೊಡಿ, ಅದು ನಿಲ್ಲದೆ ಓಡುತ್ತದೆ. ಒಬ್ಬರನ್ನ ಸ್ಕ್ರೀನ್ ಮುಂದೆ ಕೂರಿಸಿ, ನೀವು ನೆಟ್‌ವರ್ಕ್ ಸ್ವಿಚ್‌ನಿಂದ ಒಂದೊಂದೇ ವೈರ್ ಬಿಚ್ಚಿ, ಐದು ಎಣಿಸಿ, ವಾಪಸ್ ಹಾಕಿ. ಪಿಂಗ್ ಮಾಡುತ್ತಿರುವ ಕಂಪ್ಯೂಟರಿನ ವೈರ್ ಮಾತ್ರ ಮುಟ್ಟಬೇಡಿ. ಯಾವ ವೈರ್ ಬಿಚ್ಚಿದಾಗ ಉತ್ತರ ನಿಲ್ಲುತ್ತದೋ ಅದೇ ಕಳ್ಳ.

ಇನ್ನೊಂದು ಪ್ರಶ್ನೆ. ಇತ್ತೀಚೆಗೆ ರೂಟರ್ ಬದಲಾಯಿಸಿದ್ದೀರಾ?

ಹತ್ತಿ ಮಿಲ್ಲಿನ ಗುಮಾಸ್ತ

ಹೌದ್ರಿ! ದೀಪಾವಳಿ ಆದ ಮ್ಯಾಲೆ ಫೈಬರ್ ಕನೆಕ್ಷನ್ ತೊಗೊಂಡ್ವಿ, ಅವರೇ ಹೊಸ ರೂಟರ್ ಹಚ್ಚಿ ಹೋದ್ರು. ನಿಮಗ ಹ್ಯಾಂಗ ಗೊತ್ತಾತು?

ಸ್ವಿಚ್ಚು ಬೀರು ಹಿಂದ ಇತ್ತು. ಜಗ್ಗಿ ನೋಡಿದ್ರ ಹತ್ತಿ ಅಳ್ಳಿ ಮೆತ್ತಿ ಹಾಸಿಗಿ ಆಗ್ಯಾದ, ಲೈಟ್‌ಗಳು ಕಾಣಂಗಿಲ್ಲ. ಬಾಯಿಲೆ ಊದಿದೆ, ಕೆಮ್ಮು ಬಂತು. ಒಂದೊಂದೇ ಬಿಚ್ಚಿದೆ. ಒಂಬತ್ತನೇದ್ದು ಬಿಚ್ಚಿದಾಗ ಹುಡುಗ ‘ನಿಂತ್ತು ನಿಂತ್ತು’ ಅಂತ ಒದರಿದ. ಆ ವೈರ್ ಹಿಡ್ಕೊಂಡು ಗ್ವಾಡಿ ಗುಂಟ ಹೋದ್ರ ಗೋದಾಮಿನ ಕ್ಯಾಮರಾದ ಡಿವಿಆರ್, ರೆಕಾರ್ಡ್ ಮಾಡೋ ಡಬ್ಬಿ!

ಉತ್ತರ

ಬಾಯಿಂದ ಊದಬೇಡಿ, ಎಂಜಲು ಹಾರಿ ಒಳಗೆ ಕೂರುತ್ತದೆ. ಕರೆಂಟ್ ತೆಗೆದು, ಪೇಂಟ್ ಬ್ರಷ್‌ನಿಂದ ಒರೆಸಿ. ಸರ್ವರ್ ಡಬ್ಬಿಯ ಮುಂದಿನ ಜಾಲರಿಯನ್ನೂ ನೋಡಿ, ಜಿನ್ನಿಂಗ್ ಮಿಲ್ಲಿನಲ್ಲಿ ಅದು ಕಂಬಳಿ ಹೊದ್ದುಕೊಂಡೇ ಇರುತ್ತದೆ.

ಆಗಿದ್ದು ಇಷ್ಟು. ಸರ್ವರಿಗೆ .10 ಅಂತ ಯಾರೋ ಒಳಗೆ ಕೈಯಾರೆ ಬರೆದಿಟ್ಟಿದ್ದಾರೆ. ಡಿವಿಆರ್, ಮೊಬೈಲ್ ಇಂಥವು ರೂಟರ್ ಕೊಟ್ಟ ಅಡ್ರೆಸ್ ತಗೊಳ್ಳುತ್ತವೆ. ಹಳೇ ರೂಟರ್ ಬಹುಶಃ 100ರ ಮೇಲಿನ ನಂಬರ್ ಮಾತ್ರ ಹಂಚುತ್ತಿತ್ತು, ಹೊಸದು 2ರಿಂದಲೇ ಹಂಚುತ್ತದೆ. ಸರ್ವರ್ ಹಗಲು ರಾತ್ರಿ ಎದ್ದೇ ಇದ್ದುದರಿಂದ .10 ಖಾಲಿ ಇಲ್ಲ ಅಂತ ರೂಟರ್ ಅದನ್ನ ಯಾರಿಗೂ ಕೊಟ್ಟಿರಲಿಲ್ಲ. ನಿನ್ನೆ ರಾತ್ರಿ ಎಲ್ಲ ಒಟ್ಟಿಗೆ ಆರಿದವು, ಒಟ್ಟಿಗೆ ಎದ್ದವು. ಡಿವಿಆರ್ ಒಂದು ನಿಮಿಷದಲ್ಲಿ ಏಳುತ್ತದೆ. ಸರ್ವರ್ ಡಬ್ಬಿ ತನ್ನ ಮೆಮೊರಿ, ಡಿಸ್ಕ್ ಎಲ್ಲ ಪರೀಕ್ಷೆ ಮಾಡಿಕೊಂಡು ವಿಂಡೋಸ್‌ಗೆ ಬರಬೇಕು, ಆಮೇಲೆ ಒಳಗಿನ ವರ್ಚುವಲ್ ಸರ್ವರ್ ಏಳಬೇಕು. ಅಷ್ಟರಲ್ಲಿ ಸೀಟು ಹೋಗಿತ್ತು.

ಈಗ ಡಿವಿಆರ್ ವೈರ್ ಹೊರಗೇ ಇರಲಿ. ಹೈಪರ್-ವಿ ಮ್ಯಾನೇಜರ್‌ನಲ್ಲಿ ಸರ್ವರ್ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ‘ಕನೆಕ್ಟ್’ ಒತ್ತಿ. ಇದು ಹಿತ್ತಲ ಬಾಗಿಲು, ಇದಕ್ಕೆ ನೆಟ್‌ವರ್ಕ್ ಬೇಕಿಲ್ಲ. ಮುಂಬಾಗಿಲು ಹಾಕಿದ್ದರೂ ಒಳಗೆ ಹೋಗಬಹುದು. ಅಲ್ಲಿ ‘ಐಪಿಕಾನ್ಫಿಗ್’ ಕೊಟ್ಟರೆ 169.254 ಅಂತ ಶುರುವಾಗುವ ಅಡ್ರೆಸ್ ಕಾಣುತ್ತದೆ ಅಂತ ನನ್ನ ಅಂದಾಜು. ತನ್ನ ಸೀಟು ಸಿಗದಿದ್ದಾಗ ವಿಂಡೋಸ್ ತಾನೇ ಹಾಕಿಕೊಳ್ಳುವ ಅಡ್ರೆಸ್ ಅದು, ಅದರಿಂದ ಯಾರಿಗೂ ಉಪಯೋಗವಿಲ್ಲ. ಆ ನೆಟ್‌ವರ್ಕ್ ಅಡಾಪ್ಟರನ್ನ ಡಿಸೇಬಲ್ ಮಾಡಿ ಮತ್ತೆ ಎನೇಬಲ್ ಮಾಡಿ, ಸಾಕು.

ಹತ್ತಿ ಮಿಲ್ಲಿನ ಗುಮಾಸ್ತ

169.254 ಅಂತಲೇ ಇತ್ರಿ. ನೀವು ಡಿಸೇಬಲ್ ಮಾಡು ಅಂದಿದ್ದು ಆಮ್ಯಾಲೆ ಓದಿದೆ, ಅದಕ್ಕ ಮೊದಲೇ ನಾನೇ ಒಳಗ ಹೋಗಿ 192.168.1.10 ಅಂತ ಮತ್ತ ಬರದೆ. ಈಗ ಇನ್ನೊಂದು ತಮಾಷಿ ನೋಡ್ರಿ. ರಿಮೋಟ್ ಡೆಸ್ಕ್‌ಟಾಪ್ ತೆಗೀತದ, ಆದ್ರ ಪಿಂಗ್ ಬರವಲ್ದು, ಟ್ಯಾಲಿನೂ ಬರವಲ್ದು. ಮೊದಲು ಪಿಂಗ್ ಇತ್ತು ಸರ್ವರ್ ಇರಲಿಲ್ಲ, ಈಗ ಸರ್ವರ್ ಅದ ಪಿಂಗ್ ಇಲ್ಲ. ನಗಬೇಕೋ ಅಳಬೇಕೋ.

ಉತ್ತರ

ನಗ್ರಿ, ಮುಗೀತಾ ಬಂತು. ಬರೆಯುವಾಗ ‘ಡಿಫಾಲ್ಟ್ ಗೇಟ್‌ವೇ’ ಅನ್ನೋ ಖಾನೆ ಖಾಲಿ ಬಿಟ್ಟಿರಬೇಕು. ಗೇಟ್‌ವೇ ಇಲ್ಲದಿದ್ದರೆ ವಿಂಡೋಸ್‌ಗೆ ಇದು ಯಾವ ನೆಟ್‌ವರ್ಕ್ ಅಂತ ಗುರುತು ಹತ್ತೋದಿಲ್ಲ. ಗುರುತಿಲ್ಲದ್ದನ್ನೆಲ್ಲ ಅದು ‘ಪಬ್ಲಿಕ್’ ಅಂತ ಬಸ್ ಸ್ಟ್ಯಾಂಡ್ ವೈಫೈ ಲೆಕ್ಕಕ್ಕೆ ಸೇರಿಸಿ, ಫೈಲ್ ಹಂಚಿಕೆಯ ಬಾಗಿಲು ಹಾಕುತ್ತದೆ. ಟ್ಯಾಲಿ ಡೇಟಾ ಫೋಲ್ಡರ್ ಆ ಬಾಗಿಲಿಂದಲೇ ಬರಬೇಕು, ಪಿಂಗ್‌ನ ಅನುಮತಿಯೂ ಅದೇ ಗುಂಪಿನಲ್ಲಿದೆ. ರಿಮೋಟ್ ಡೆಸ್ಕ್‌ಟಾಪ್‌ಗೆ ಬೇರೆ ಬಾಗಿಲು, 3389. ಅದು ತೆರೆದಿದೆ ಅಂದರೆ ಅಡ್ರೆಸ್, ವೈರ್, ವರ್ಚುವಲ್ ಸ್ವಿಚ್ ಎಲ್ಲ ಸರಿ ಇವೆ.

ಗೇಟ್‌ವೇ ಖಾನೆಯಲ್ಲಿ ರೂಟರಿನ ಅಡ್ರೆಸ್ ಬರೆಯಿರಿ. ನಿಮ್ಮ ಕಂಪ್ಯೂಟರಿನಲ್ಲಿ ಐಪಿಕಾನ್ಫಿಗ್ ಕೊಟ್ಟರೆ ಅದು ಸಿಗುತ್ತದೆ. ಆಮೇಲೂ ಪಬ್ಲಿಕ್ ಅಂತಲೇ ಇದ್ದರೆ ಸೆಟ್ಟಿಂಗ್‌ನಲ್ಲಿ ‘ಪ್ರೈವೇಟ್’ಗೆ ಬದಲಿಸಿ. ಸಿಟ್ಟಿಗೆ ಫೈರ್‌ವಾಲ್ ಪೂರ್ತಿ ಆಫ್ ಮಾಡಬೇಡಿ. ಆಫ್ ಮಾಡಿದವರು ವಾಪಸ್ ಆನ್ ಮಾಡಿದ್ದನ್ನ ನಾನು ಇನ್ನೂ ನೋಡಿಲ್ಲ.

ಹತ್ತಿ ಮಿಲ್ಲಿನ ಗುಮಾಸ್ತ

ಟ್ಯಾಲಿ ಬಂತ್ರೀ! ಪಿಂಗ್ ಮಾಡಿದ್ರ ಟಿಟಿಎಲ್ 128. ಅದನ್ನ ನೋಡಿ ಖುಷಿ ಪಡೋ ದಿನ ಬರ್ತದ ಅಂತ ಅನ್ಕೊಂಡಿರಲಿಲ್ಲ.

ಆದ್ರ ಸಾವ್ಕಾರ್ರು ಮೊಬೈಲ್‌ನ್ಯಾಗ ಗೋದಾಮು ಕಾಣವಲ್ದು ಅಂತ ಫೋನ್ ಮಾಡ್ಯಾರ. ಡಿವಿಆರ್ ಅಡ್ರೆಸ್ ಬದಲಿ ಮಾಡೋಣ ಅಂದ್ರ ಅದರ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಮತ್ತ ಯುಪಿಎಸ್‌ಗೆ ಏನು ಮಾಡಬೇಕು?

ಉತ್ತರ

ಡಿವಿಆರ್ ಒಳಗೆ ಹೋಗೋ ಅಗತ್ಯವಿಲ್ಲ. ರೂಟರಿಗೆ ಹೋಗಿ, ಡಿಎಚ್‌ಸಿಪಿ ಅನ್ನೋ ಕಡೆ ಹಂಚುವ ನಂಬರ್ 100ರಿಂದ 200 ಅಂತ ಮಾಡಿ. ಅಲ್ಲೇ ‘ರಿಸರ್ವೇಷನ್’ ಅಂತ ಇದ್ದರೆ ಆ 3ಸಿ ನಂಬರನ್ನ ಪೂರ್ತಿ ಬರೆದು ಡಿವಿಆರ್‌ಗೆ 150 ಅಂತ ಕಾಯಂ ಮಾಡಿ. ರೂಟರ್ ಒಮ್ಮೆ ಆಫ್-ಆನ್ ಆದಮೇಲೆ ಡಿವಿಆರ್ ವೈರ್ ಹಾಕಿ ಅದನ್ನೂ ಆಫ್-ಆನ್ ಮಾಡಿ. ಮೊದಲು ರೂಟರ್, ಆಮೇಲೆ ಡಿವಿಆರ್. ಉಲ್ಟಾ ಮಾಡಿದರೆ ಮತ್ತೆ .10 ಕೇಳುತ್ತದೆ.

ಯುಪಿಎಸ್ ಬ್ಯಾಟರಿ ಕಾಲು ತಾಸಿಗೆ ಸತ್ತಿದೆ ಅಂದರೆ ವಯಸ್ಸಾಗಿದೆ. ಆ ಬ್ಯಾಟರಿಗಳ ಆಯುಷ್ಯ ಲೆಕ್ಕ ಹಾಕೋದು 25 ಡಿಗ್ರಿಗೆ. ಅದರ ಮೇಲೆ ಹತ್ತು ಡಿಗ್ರಿ ಏರಿದರೆ ಸುಮಾರು ಅರ್ಧ ಆಯುಷ್ಯ ಹೋಗುತ್ತದೆ, ರಾಯಚೂರಿನ ಮೇ ತಿಂಗಳು ನಿಮಗೆ ನಾನು ಹೇಳಬೇಕಾಗಿಲ್ಲ. ಹೊಸ ಬ್ಯಾಟರಿ ಹಾಕಿಸುವಾಗ ಯುಪಿಎಸ್‌ನಿಂದ ಸರ್ವರಿಗೆ ಯುಎಸ್‌ಬಿ ವೈರ್ ಹಾಕಿಸಿ, ಬ್ಯಾಟರಿ ಇಳಿದಾಗ ಸರ್ವರ್ ತಾನೇ ಸರಿಯಾಗಿ ಮುಚ್ಚಿಕೊಳ್ಳುವಂತೆ ಮಾಡಿಸಿ. ಹೈಪರ್-ವಿಯಲ್ಲಿ ವರ್ಚುವಲ್ ಸರ್ವರಿನ ಸೆಟ್ಟಿಂಗ್‌ನಲ್ಲಿ ‘ಆಟೋಮ್ಯಾಟಿಕ್ ಸ್ಟಾಪ್ ಆ್ಯಕ್ಷನ್’ ಅಂತ ಇದೆ, ಅದನ್ನ ‘ಶಟ್ ಡೌನ್’ಗೆ ಇಡಿ. ‘ಟರ್ನ್ ಆಫ್’ ಅಂತ ಇದ್ದರೆ ಪ್ರತೀ ಸಲ ಪ್ಲಗ್ ಕಿತ್ತಂಗೆ.

ಇವತ್ತು ಟ್ಯಾಲಿ ಡೇಟಾದ ಒಂದು ಬ್ಯಾಕಪ್ ಪೆನ್‌ಡ್ರೈವ್‌ಗೆ ತಗೊಂಡೇ ಮನೆಗೆ ಹೋಗಿ. ಮೂರು ಸಲ ಪೆಟ್ಟು ತಿಂದ ಡಿಸ್ಕ್ ಅದು. ಆಡಿಟರ್ ಆಫೀಸಿನಲ್ಲಿ ಮಾಡಿಸಿದ ಬಿಲ್ಲನ್ನ ಟ್ಯಾಲಿಗೆ ಏರಿಸಿದ ಮೇಲೆ ತಗೊಳ್ಳಿ, ಮೊದಲೇ ಅಲ್ಲ.

ಹತ್ತಿ ಮಿಲ್ಲಿನ ಗುಮಾಸ್ತ

ರೂಟರ್ ಪಾಸ್‌ವರ್ಡ್ ಅದರ ಕೆಳಗೇ ಚೀಟಿ ಮ್ಯಾಲೆ ಇತ್ತು. ಡಿವಿಆರ್‌ಗೆ 150 ಬಂತು, ಸಾವ್ಕಾರ್ರಿಗೆ ಗೋದಾಮು ಕಾಣಾಕತ್ತದ. ವಾಚ್‌ಮನ್ ಮಲಗಿದ್ದೂ ಕಾಣಾಕತ್ತದ, ಅದರದ್ದು ಈಗ ಬ್ಯಾರೆ ಜಗಳ ನಡದದ.