ಅಪ್‌ಡೇಟ್: 900 ಮಿಮೀ ಬಾಗಿಲು 22860 ಆಗುತ್ತಿದ್ದ ಸಮಸ್ಯೆ ಬಗೆಹರಿಯಿತು

ನಕ್ಷೆ ಬರೆಯುವ ಸಾಫ್ಟ್‌ವೇರ್ ಆಟೋಕ್ಯಾಡ್‌ನಲ್ಲಿ 900 ಮಿಮೀ ಬಾಗಿಲಿನ ಬ್ಲಾಕ್ (ಬೇರೆ ಫೈಲಿನಲ್ಲಿ ಬರೆದಿಟ್ಟ ಸಿದ್ಧ ಚಿತ್ರ) ತಂದು ಹಾಕಿದರೆ 22860 ಆಗುತ್ತಿದೆ, ಯಾಕೆ ಅಂತ ಕೇಳಿದ್ದೆ ಅಲ್ವಾ? ಭಾಗಿಸಿ ನೋಡಿದೆ, ಸರಿಯಾಗಿ 25.4 ಬಂತು, ಅಂದರೆ ಒಂದು ಇಂಚಿಗೆ ಎಷ್ಟು ಮಿಮೀಯೋ ಅಷ್ಟು. ಅಲ್ಲೇ ಕಳ್ಳ ಸಿಕ್ಕಿಬಿದ್ದ. ಬ್ಲಾಕ್ ಬರೆದದ್ದು ಮಿಮೀ ಲೆಕ್ಕದಲ್ಲಿ, ಆ ಫೈಲಿನ ಯೂನಿಟ್ಸ್‌ನಲ್ಲಿ ಮಾತ್ರ ಇಂಚು ಅಂತ ಇತ್ತು. ಮಿಲಿಮೀಟರ್‌ಗೆ ಬದಲಿಸಿ ಸೇವ್ ಮಾಡಿದೆ. ನನ್ನ ಡ್ರಾಯಿಂಗ್‌ನಲ್ಲಿದ್ದ ಹಳೇ ಬ್ಲಾಕ್ ಅಳಿಸಿ, ಪರ್ಜ್ ಮಾಡಿ (ಅಳಿಸಿದ ಮೇಲೂ ಫೈಲಿನೊಳಗೆ ಉಳಿಯುವ ಅದರ ಪ್ರತಿಯನ್ನೂ ತೆಗೆದು), ಮತ್ತೆ ತಂದೆ. ಪರ್ಜ್ ಮರೆತು ಸುಮ್ನೆ ಅರ್ಧ ದಿನ ಹಾಳು ಮಾಡಿಕೊಂಡಿದ್ದೆ.

ಇನ್ನೊಂದು ತಲೆನೋವು, 1500ಕ್ಕೆ 1500 ಸೇರಿಸಿದರೆ ಒಟ್ಟು ಅಳತೆ 3001 ತೋರಿಸುತ್ತಿದ್ದದ್ದು. ಡೈಮೆನ್ಷನ್ ಪ್ರಿಸಿಷನ್ (ಅಳತೆಯಲ್ಲಿ ಎಷ್ಟು ದಶಾಂಶ ತೋರಿಸಬೇಕು ಅನ್ನೋದು) ಸೊನ್ನೆಯಲ್ಲಿತ್ತು. ಒಂದು ದಶಾಂಶ ಏರಿಸಿದರೆ ಎರಡೂ 1500.4, ಒಟ್ಟು 3000.8! ಸ್ನ್ಯಾಪ್ (ಕರ್ಸರನ್ನು ನಿಖರ ಬಿಂದುವಿಗೆ ಹಿಡಿದಿಡುವ ಸೌಲಭ್ಯ) ಆಫ್ ಮಾಡಿ ಕಣ್ಣಳತೆಯಲ್ಲಿ ಗೆರೆ ಎಳೆದ ನನ್ನದೇ ತಪ್ಪು. ಆ ಗೋಡೆಗಳನ್ನು ಈಗಲೂ ತಿದ್ದುತ್ತಾ ಕೂತಿದ್ದೇನೆ.