ಕೋಲ್ಟ್ರೇನ್‌ರ 'ಮೈ ಫೇವರಿಟ್ ಥಿಂಗ್ಸ್' ಅಷ್ಟು ಉದ್ದ ಯಾಕೆ?

ಪ್ರಶ್ನೆ: ಜಾಸ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್‌ರ 1961ರ ಈ ಆಲ್ಬಮ್ ಈಗಷ್ಟೇ ಕೇಳಲು ಶುರು ಮಾಡಿದ್ದೇನೆ. ಮೊದಲ ಹಾಡೇ 13 ನಿಮಿಷ ದಾಟುತ್ತದೆ. ಮೂಲ 'ದಿ ಸೌಂಡ್ ಆಫ್ ಮ್ಯೂಸಿಕ್' ನಾಟಕದ ಪುಟ್ಟ ಹಾಡು, ಅಲ್ವಾ? ನಡುವೆ ಎಲ್ಲಿದ್ದೇನೆ ಅಂತಲೇ ಗೊತ್ತಾಗುವುದಿಲ್ಲ. ಹೇಗೆ ಕೇಳಬೇಕು?

ಉತ್ತರ 1: ಮೊದಲು ಕಿವಿಯಲ್ಲಿ ಪಿಯಾನೊ ದನಿ ಹಿಡಿಯಿರಿ. ಸೋಲೊ ಭಾಗದಲ್ಲಿ ಮೂಲದ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳನ್ನು) ಬದಿಗಿಟ್ಟು, ಮೆಕಾಯ್ ಟೈನರ್ ಇ ಮೈನರ್, ಆಮೇಲೆ ಇ ಮೇಜರ್ ಕಾರ್ಡ್‌ಗಳ ಸುತ್ತಲೇ ಒಂದೇ ನಮೂನೆಯನ್ನು ಮತ್ತೆ ಮತ್ತೆ ನುಡಿಸುತ್ತಾರೆ. ಶ್ರುತಿ ಹಿಡಿದ ಹಾಗೆ. ಕಾರ್ಡ್ ಬದಲಾಗುವ ಅವಸರ ಇಲ್ಲದ್ದರಿಂದ ಕೋಲ್ಟ್ರೇನ್ ಒಂದೇ ಸ್ವರಗುಚ್ಛವನ್ನು ಎಷ್ಟು ಹೊತ್ತು ಬೇಕಾದರೂ ಬೆಳೆಸಬಹುದು. ದಾರಿ ತಪ್ಪಿದರೆ ಹೆದರಬೇಡಿ, ಮೂಲ ರಾಗ ಆಗಾಗ ವಾಪಸ್ ಬರುತ್ತದೆ. ಆ ಸೊಪ್ರಾನೊ ಸ್ಯಾಕ್ಸೊಫೋನಿನ ತೆಳು, ಚೂಪು ದನಿ ನನಗೆ ಇವತ್ತಿಗೂ ಮೈ ಜುಮ್ಮೆನಿಸುತ್ತದೆ. ಎಲ್ವಿನ್ ಜೋನ್ಸ್ ಡ್ರಮ್ಸ್‌ಗೇ ಒಂದು ಸಲ ಪೂರ್ತಿ ಕಿವಿ ಕೊಡಿ. ಮೂರರ ತಾಳ ಅಷ್ಟು ಸಲೀಸಾಗಿ ಉರುಳುತ್ತದೆ!

ಉತ್ತರ 2: ಒಂದು ಮಾತು ಸೇರಿಸುತ್ತೇನೆ. ಇಡೀ ಆಲ್ಬಮ್ ಹೀಗೆ ಒಂದೆರಡು ಕಾರ್ಡ್‌ಗಳ ಮೇಲೇ ನಿಲ್ಲುವ 'ಮೋಡಲ್' ಶೈಲಿಯದಲ್ಲ. 'ಬಟ್ ನಾಟ್ ಫಾರ್ ಮಿ'ಯಲ್ಲಿ ಕಾರ್ಡ್‌ಗಳು ಇನ್ನೂ ಜಾಸ್ತಿಯಾಗಿವೆ, ಕೋಲ್ಟ್ರೇನ್‌ರದೇ 'ಜೈಂಟ್ ಸ್ಟೆಪ್ಸ್' ರೀತಿ. ಗರ್ಶ್ವಿನ್ ಅವರ 'ಸಮ್ಮರ್‌ಟೈಮ್' ಇಲ್ಲಿ ಜೋಗುಳವಾಗಿ ಉಳಿದಿಲ್ಲ. ಟೆನರ್ ಸ್ಯಾಕ್ಸೊಫೋನಿನಲ್ಲಿ ರಭಸ, ಬಿರುಸು.

ಪ್ರಶ್ನೆ ಕೇಳಿದವರು: ಪಿಯಾನೊ ಹಿಡಿದು ಕೇಳಿದೆ. ಈಗ ನಡುವಿನ ಭಾಗವೇ ಜಾಸ್ತಿ ಇಷ್ಟ. ಟೈನರ್ ಸೋಲೊ ಇನ್ನೊಮ್ಮೆ ಹಾಕಿದ್ದೇನೆ.